ಆನೋಡಿನ ಇನ್ನೂರು ವರ್ಷ

1800ರ ಮೇ ತಿಂಗಳಲ್ಲಿ ಲಂಡನ್ನಿನ ಇಬ್ಬರು ಗೆಳೆಯರು, ವಿಜ್ಞಾನ ಪತ್ರಿಕೆ ನಡೆಸುತ್ತಿದ್ದ ವಿಲಿಯಂ ನಿಕಲ್ಸನ್ ಮತ್ತು ಶಸ್ತ್ರವೈದ್ಯ ಆಂಥೊನಿ ಕಾರ್ಲೈಲ್, ಬೆಳ್ಳಿ ನಾಣ್ಯಗಳನ್ನೂ ಸತುವಿನ ಬಿಲ್ಲೆಗಳನ್ನೂ ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು ಇಟ್ಟು ಬ್ಯಾಟರಿಯೊಂದನ್ನು ಕಟ್ಟಿಕೊಂಡರು. ಇಟಲಿಯ ಅಲೆಸಾಂಡ್ರೊ ವೋಲ್ಟಾ ಅಂಥ ಬ್ಯಾಟರಿಯ ವಿವರ ಬರೆದು ಕಳಿಸಿದ ಪತ್ರ ಆಗಷ್ಟೇ ಲಂಡನ್ ತಲುಪಿತ್ತು. ಇಬ್ಬರೂ ಅದರ ಎರಡು ತುದಿಗಳಿಂದ ಹಿತ್ತಾಳೆ ತಂತಿ ಎಳೆದು ನೀರು ತುಂಬಿದ ಗಾಜಿನ ನಳಿಗೆಯೊಳಗೆ ಇಳಿಬಿಟ್ಟರು. ಒಂದು ತಂತಿಯಿಂದ ಜಲಜನಕದ ಗುಳ್ಳೆಗಳು ಎದ್ದವು. ಇನ್ನೊಂದು ತಂತಿಯಿಂದ ಏನೂ ಬರಲಿಲ್ಲ, ಬದಲಿಗೆ ತಂತಿಯೇ ಬಣ್ಣಗೆಟ್ಟು ಕಪ್ಪಾಗುತ್ತ ಹೋಯಿತು. ಅಲ್ಲಿ ಆಮ್ಲಜನಕ ಹೊರಗೆ ಬರುವ ಮೊದಲೇ ಲೋಹವನ್ನು ಹಿಡಿದು ತಿನ್ನುತ್ತಿತ್ತು. ಹಿತ್ತಾಳೆಯ ಬದಲು ಪ್ಲಾಟಿನಂ ತಂತಿ ಇಟ್ಟ ಮೇಲೆ ಎರಡೂ ಕಡೆ ಅನಿಲ ಕಾಣಿಸಿತು.

ನೀರನ್ನು ವಿದ್ಯುತ್ತಿನಿಂದ ಒಡೆಯುವ ವಿದ್ಯೆಯ ಮುಖ್ಯ ತೊಡಕು ಹೀಗೆ ಮೊದಲ ಪ್ರಯೋಗದಲ್ಲೇ ಎದುರಾಗಿತ್ತು. ಆಮ್ಲಜನಕ ಹೊರಬರುವ ಧನ ಧ್ರುವಕ್ಕೆ, ಅಂದರೆ ಆನೋಡಿಗೆ, ಯಾವ ಲೋಹ? ಅದು ಆಮ್ಲಜನಕವನ್ನು ಬೇಗ ಬಿಡಿಸಬೇಕು, ತಾನು ಮಾತ್ರ ಕರಗಬಾರದು. ಈ ಎರಡು ಗುಣ ಒಂದೇ ಲೋಹದಲ್ಲಿ ಸಿಗುವುದು ಬಹಳ ಅಪರೂಪ. ಇನ್ನೂರು ವರ್ಷಗಳ ಸಂಶೋಧನೆ ಈ ಎರಡರ ನಡುವಿನ ಜಗ್ಗಾಟದಲ್ಲೇ ಬೆಳೆದಿದೆ.

ಜಲಜನಕದ ಬದಿ ಇಷ್ಟು ಕಾಡುವುದಿಲ್ಲ. ಅಲ್ಲಿ ಎರಡು ಇಲೆಕ್ಟ್ರಾನ್ ಸೇರಿದರೆ ಒಂದು ಅಣು ಸಿದ್ಧ. ಆಮ್ಲಜನಕದ ಬದಿಯಲ್ಲಿ ನೀರಿನ ಎರಡು ಅಣುಗಳಿಂದ ನಾಲ್ಕು ಇಲೆಕ್ಟ್ರಾನ್, ನಾಲ್ಕು ಪ್ರೋಟಾನ್ ಒಂದೊಂದಾಗಿ ಕಳಚಬೇಕು, ಕೊನೆಗೆ ಎರಡು ಆಮ್ಲಜನಕ ಪರಮಾಣುಗಳು ಒಂದಕ್ಕೊಂದು ಬೆಸೆಯಬೇಕು. ಇದಕ್ಕೆಲ್ಲ ಲೋಹದ ಮೇಲ್ಮೈಯೇ ಆಸರೆ. ಲೆಕ್ಕದ ಪ್ರಕಾರ ನೀರನ್ನು ಒಡೆಯಲು 1.23 ವೋಲ್ಟ್ ಸಾಕು. ಕಾರ್ಖಾನೆಗಳಲ್ಲಿ ವಾಸ್ತವವಾಗಿ 1.8ರಿಂದ 2 ವೋಲ್ಟ್ ಕೊಡಬೇಕಾಗುತ್ತದೆ. ಈ ಹೆಚ್ಚುವರಿ ವೋಲ್ಟೇಜಿನ ದೊಡ್ಡ ಪಾಲನ್ನು ನುಂಗುವುದು ಆನೋಡು.

ದಶಾಂಶಗಳ ಈ ಲೆಕ್ಕ ಸಣ್ಣದಲ್ಲ. ವೋಲ್ಟೇಜು 0.1ರಷ್ಟು ಹೆಚ್ಚಿದರೆ ಒಂದು ಕಿಲೋ ಜಲಜನಕಕ್ಕೆ ಸುಮಾರು 2.66 ಯೂನಿಟ್ ವಿದ್ಯುತ್ ಹೆಚ್ಚು ಖರ್ಚಾಗುತ್ತದೆ. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಜಲಜನಕ ತಯಾರಿಸುವ ಗುರಿಯನ್ನು ಭಾರತ ಇಟ್ಟುಕೊಂಡಿದೆ. ಅಷ್ಟು ಜಲಜನಕಕ್ಕೆ ಆ 0.1 ವೋಲ್ಟಿನ ಬೆಲೆ ವರ್ಷಕ್ಕೆ 1,330 ಕೋಟಿ ಯೂನಿಟ್. ಆನೋಡಿನ ಮೇಲೆ ಬಳಿಯುವ ಕೆಲವೇ ಮೈಕ್ರಾನ್ ದಪ್ಪದ ಲೇಪನದ ಹಿಂದೆ ಜಗತ್ತಿನ ಸಾವಿರಾರು ಪ್ರಯೋಗಾಲಯಗಳು ಬಿದ್ದಿರುವುದು ಇದೇ ಕಾರಣಕ್ಕೆ.

ಆಮ್ಲಜನಕವೇ ಗುರಿಯಾದ ಕಡೆಗಳೂ ಇವೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ಉಸಿರಾಡುವುದು ಬಹುಪಾಲು ನೀರನ್ನು ಒಡೆದು ಪಡೆದ ಆಮ್ಲಜನಕವನ್ನು. ರಷ್ಯಾದ ‘ಇಲೆಕ್ಟ್ರಾನ್’ ಘಟಕ ಕ್ಷಾರ ದ್ರಾವಣದಲ್ಲಿ ಈ ಕೆಲಸ ಮಾಡಿದರೆ, 2006ರಲ್ಲಿ ಅಮೆರಿಕ ಕಳಿಸಿದ ಘಟಕ ಪ್ಲಾಸ್ಟಿಕ್ ಪೊರೆಯ ನೆರವಿನಿಂದ ದಿನಕ್ಕೆ 9 ಕಿಲೋ ತನಕ ಆಮ್ಲಜನಕ ಕೊಡಬಲ್ಲದು. ಅಣುಶಕ್ತಿಯ ಜಲಾಂತರ್ಗಾಮಿಗಳಲ್ಲೂ ಇದೇ ವಿಧಾನ. 2021ರ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ಆಸ್ಪತ್ರೆಗಳು ಆಮ್ಲಜನಕಕ್ಕೆ ಪರದಾಡಿದಾಗ ನೀರಿನಿಂದಲೇ ತೆಗೆಯಬಾರದೇಕೆ ಎಂದು ಹಲವರು ಕೇಳಿದ್ದುಂಟು. ಗಾಳಿಯಲ್ಲಿ ಆಮ್ಲಜನಕ ಬಿಡಿಯಾಗಿಯೇ ಇದೆ. ಗಾಳಿಯನ್ನು ತಣಿಸಿ ಬೇರ್ಪಡಿಸಲು ಕಿಲೋಗೆ ಒಂದು ಯೂನಿಟ್ಟಿಗೂ ಕಡಿಮೆ ವಿದ್ಯುತ್ ಸಾಕು. ನೀರಿನಿಂದ ಬಿಡಿಸಲು ಆರು ಯೂನಿಟ್ ದಾಟುತ್ತದೆ. ಹಾಗಾಗಿ ಭೂಮಿಯ ಮೇಲೆ ನೀರನ್ನು ಒಡೆಯುವುದು ಬಹುಮಟ್ಟಿಗೆ ಜಲಜನಕದ ಸಲುವಾಗಿ. ಆದರೆ ಆ ಜಲಜನಕದ ಬೆಲೆ ನಿರ್ಧಾರವಾಗುವುದು ಆಮ್ಲಜನಕ ಹೊರಬರುವ ಬದಿಯಲ್ಲಿ.

ಪ್ಲಾಟಿನಂ ತಂತಿ ಪ್ರಯೋಗಾಲಯಕ್ಕೆ ಸರಿ, ಕಾರ್ಖಾನೆಗೆ ದುಬಾರಿ. ಅಷ್ಟೇ ಅಲ್ಲ, ಆಮ್ಲಜನಕ ಬಿಡಿಸುವುದರಲ್ಲಿ ಅದು ಅಷ್ಟೇನೂ ಚುರುಕಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಡೈನಮೊಗಳಿಂದ ಅಗ್ಗದ ವಿದ್ಯುತ್ ಸಿಗತೊಡಗಿದಾಗ ಉದ್ಯಮ ಹಿಡಿದದ್ದು ಬೇರೆ ದಾರಿ: ನೀರಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ಗಾಢ ಕ್ಷಾರ ಮಾಡುವುದು, ಅದರಲ್ಲಿ ನಿಕಲ್ ಅಥವಾ ನಿಕಲ್ ಲೇಪಿಸಿದ ಉಕ್ಕಿನ ಹಾಳೆ ಇಳಿಸುವುದು. ಕ್ಷಾರದಲ್ಲಿ ನಿಕಲ್ ತನ್ನ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆ ಬೆಳೆಸಿಕೊಳ್ಳುತ್ತದೆ. ಆ ಪೊರೆ ಲೋಹವನ್ನು ಕಾಯುತ್ತದೆ, ಆಮ್ಲಜನಕವನ್ನೂ ಬಿಡಿಸುತ್ತದೆ. 1920ರ ದಶಕದ ಕೊನೆಗೆ ನಾರ್ವೆಯ ರ್ಯೂಕಾನ್‌ನಲ್ಲಿ ಜಲವಿದ್ಯುತ್ತಿನಿಂದ ನಡೆಯುವ ಭಾರೀ ಘಟಕಗಳು ರಸಗೊಬ್ಬರಕ್ಕೆ ಜಲಜನಕ ಒದಗಿಸತೊಡಗಿದವು. ಪಂಜಾಬಿನ ನಂಗಲ್‌ನಲ್ಲೂ ಅದೇ ಮಾದರಿ: ಭಾಕ್ರಾದ ವಿದ್ಯುತ್ತಿನಿಂದ ನೀರನ್ನು ಒಡೆದು ಗೊಬ್ಬರ ತಯಾರಿಸುವ ಕಾರ್ಖಾನೆ ಎದ್ದಿತು, ಅದಕ್ಕೆ ಹೊಂದಿಕೊಂಡು 1962ರಲ್ಲಿ ದೇಶದ ಮೊದಲ ಭಾರಜಲ ಘಟಕ ಶುರುವಾಯಿತು. ಹಸಿರು ಜಲಜನಕ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲೇ ಭಾರತ ಅದನ್ನು ತಯಾರಿಸುತ್ತಿತ್ತು ಎಂಬುದನ್ನು ಇಂದಿನ ಚರ್ಚೆಗಳು ಮರೆತೇಬಿಟ್ಟಿವೆ. ನೈಸರ್ಗಿಕ ಅನಿಲದಿಂದ ಜಲಜನಕ ತೆಗೆಯುವುದು ಅಗ್ಗವಾದಂತೆ ಇಂಥ ಘಟಕಗಳು ಒಂದೊಂದಾಗಿ ಹಿಂದೆ ಸರಿದವು.

ಆ ಕಾಲದ ನಿಕಲ್ ಆನೋಡುಗಳು ವರ್ಷಗಟ್ಟಲೆ ದುಡಿದವು. ಅವು ಚೆನ್ನಾಗಿ ದುಡಿಯುತ್ತಿದ್ದುದೇಕೆ ಎಂಬುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಉತ್ತರದ ಒಂದು ಎಳೆ ಬ್ಯಾಟರಿ ತಯಾರಕರ ಕೈಯಲ್ಲಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಥಾಮಸ್ ಎಡಿಸನ್ ನಿಕಲ್-ಕಬ್ಬಿಣದ ಬ್ಯಾಟರಿ ರೂಪಿಸುವಾಗಲೇ ನಿಕಲ್ ಫಲಕಕ್ಕೆ ಕಬ್ಬಿಣ ಬೆರೆತರೆ ಕೆಡುಕು ಎಂಬುದು ಕಂಡುಬಂದಿತ್ತು. ಕಬ್ಬಿಣ ಸೇರಿದ ಫಲಕ ಚಾರ್ಜ್ ಹಿಡಿಯುವ ಬದಲು ಆಮ್ಲಜನಕ ಬಿಡುತ್ತ ಕೂರುತ್ತಿತ್ತು. ಬ್ಯಾಟರಿಯವರಿಗೆ ಅದು ದೋಷ. ನೀರು ಒಡೆಯುವವರಿಗೆ ಬೇಕಾದದ್ದು ಅದೇ ಗುಣ! ಆದರೆ ಈ ಎರಡು ಕ್ಷೇತ್ರಗಳು ಮಾತಾಡಿಕೊಂಡದ್ದು ಬಹಳ ತಡವಾಗಿ. 1987ರಲ್ಲಿ ಜನರಲ್ ಮೋಟರ್ಸ್‌ನ ಸಂಶೋಧನಾಲಯದಲ್ಲಿದ್ದ ಡೆನಿಸ್ ಕಾರಿಗನ್, ನಿಕಲ್ ಆಕ್ಸೈಡ್ ಪೊರೆಯೊಳಗೆ ಅತ್ಯಲ್ಪ ಕಬ್ಬಿಣ ಸೇರಿದರೂ ಆಮ್ಲಜನಕ ಹೊರಬರುವ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆಂದು ಪ್ರಬಂಧ ಬರೆದರು. ಅದು ಸುಮಾರು ಕಾಲು ಶತಮಾನ ಹೆಚ್ಚಿನವರ ಗಮನಕ್ಕೆ ಬಾರದೆ ಉಳಿಯಿತು.

ಈ ನಡುವೆ ಕ್ಷೇತ್ರದ ದಿಕ್ಕು ಬದಲಿಸಿದ ಆವಿಷ್ಕಾರ ಬಂದದ್ದು ನೀರಿನಿಂದಲ್ಲ, ಉಪ್ಪುನೀರಿನಿಂದ ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡಾ ತೆಗೆಯುವ ಉದ್ಯಮದಿಂದ. ಅಲ್ಲಿ ಗ್ರಾಫೈಟ್ ಆನೋಡು ಬಳಕೆಯಲ್ಲಿತ್ತು. ಅದು ದಿನೇದಿನೇ ಸವೆಯುತ್ತಿತ್ತು, ಧ್ರುವಗಳ ನಡುವಿನ ಅಂತರ ಹೆಚ್ಚುತ್ತಿತ್ತು, ವಿದ್ಯುತ್ ಬಿಲ್ಲು ಏರುತ್ತಿತ್ತು. 1960ರ ದಶಕದ ನಡುವೆ ಹೆನ್ರಿ ಬೀರ್ ಎಂಬ ಸ್ವತಂತ್ರ ಸಂಶೋಧಕ ಟೈಟಾನಿಯಂ ತಗಡಿನ ಮೇಲೆ ರುಥೇನಿಯಂ ಲವಣದ ದ್ರಾವಣ ಬಳಿದು ಕಾಯಿಸಿ ಆಕ್ಸೈಡ್ ಲೇಪನ ಪಡೆದ. ಇಟಲಿಯ ಡಿ ನೋರಾ ಕುಟುಂಬದ ಕಂಪನಿ ಅದನ್ನು ಉದ್ಯಮಕ್ಕೆ ತಂದಿತು. ಅಳತೆ ಬದಲಾಗದ ಆನೋಡು ಎಂಬ ಹೆಸರಿನಿಂದ ಅದು ಜಗತ್ತಿನ ಕ್ಲೋರಿನ್ ಕಾರ್ಖಾನೆಗಳನ್ನೆಲ್ಲ ಹೊಕ್ಕಿತು. ಇಡೀ ಆನೋಡು ದುಬಾರಿ ಲೋಹದ್ದೇ ಆಗಬೇಕಿಲ್ಲ, ಗಟ್ಟಿಯಾದ ಅಗ್ಗದ ಬೆನ್ನೆಲುಬಿನ ಮೇಲೆ ತೆಳುವಾದ ಆಕ್ಸೈಡ್ ಲೇಪನ ಸಾಕು ಎಂಬ ಅರಿವು ಇಲ್ಲಿಂದ ಬೇರೂರಿತು. ಮಿಲಾನಿನ ಸೆರ್ಜಿಯೊ ಟ್ರಸಾಟಿ ಈ ಲೇಪನಗಳನ್ನು ಶಾಸ್ತ್ರೀಯವಾಗಿ ಅಳೆದು, ಬೇರೆಬೇರೆ ಲೋಹಗಳ ಆಕ್ಸೈಡುಗಳನ್ನು ಒಂದು ನಕ್ಷೆಯಲ್ಲಿ ಸಾಲಾಗಿ ಕೂರಿಸಿದರು. ಆಮ್ಲಜನಕವನ್ನು ತೀರಾ ಬಿಗಿಯಾಗಿ ಹಿಡಿಯುವ ಲೋಹಗಳು ನಕ್ಷೆಯ ಒಂದು ಇಳಿಜಾರಿನಲ್ಲಿ, ತೀರಾ ಸಡಿಲವಾಗಿ ಹಿಡಿಯುವವು ಇನ್ನೊಂದರಲ್ಲಿ. ನೆತ್ತಿಯ ಬಳಿ ರುಥೇನಿಯಂ ಮತ್ತು ಇರಿಡಿಯಂ. ಜ್ವಾಲಾಮುಖಿಯ ಆಕಾರದ ಈ ನಕ್ಷೆ ಇಂದಿಗೂ ವಿದ್ಯಾರ್ಥಿಗಳ ಮೊದಲ ಪಾಠ.

1960ರ ದಶಕದಲ್ಲೇ ಇನ್ನೊಂದು ತಿರುವು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಬಾಹ್ಯಾಕಾಶ ಯಾನಕ್ಕಾಗಿ ಪ್ರೋಟಾನ್ ಮಾತ್ರ ದಾಟಬಲ್ಲ ಪೊರೆಯ ಇಂಧನ ಕೋಶ ರೂಪಿಸಿತು. ಅದನ್ನೇ ತಿರುಗಿಸಿ ನಡೆಸಿದರೆ ನೀರು ಒಡೆಯುವ ಯಂತ್ರ. ಡುಪಾಂಟ್ ಕಂಪನಿಯ ನಾಫಿಯಾನ್ ಪೊರೆ ಬಂದ ಮೇಲೆ ಇದು ಗಟ್ಟಿಯಾಗಿ ನೆಲೆಯೂರಿತು. ಕ್ಷಾರದ ಹೊಂಡವಿಲ್ಲ, ಬರೀ ಶುದ್ಧ ನೀರು; ಪುಟ್ಟ ಗಾತ್ರ, ಹೆಚ್ಚು ವಿದ್ಯುತ್ ಹರಿವು, ಬಿಸಿಲಿನೊಂದಿಗೆ ಸೌರವಿದ್ಯುತ್ ಏರಿಳಿದಂತೆ ಥಟ್ಟನೆ ಹೊಂದಿಕೊಳ್ಳುವ ಗುಣ. ಆದರೆ ಪೊರೆಯೊಳಗಿನ ವಾತಾವರಣ ಕಡು ಆಮ್ಲೀಯ. ಆ ಆಮ್ಲದಲ್ಲಿ, ಆ ವೋಲ್ಟೇಜಿನಲ್ಲಿ ನಿಕಲ್, ಕೋಬಾಲ್ಟ್, ಕಬ್ಬಿಣ ಎಲ್ಲವೂ ಕರಗುತ್ತವೆ. ರುಥೇನಿಯಂ ಚುರುಕಾಗಿ ದುಡಿದರೂ ಬಾಳುವುದಿಲ್ಲ. ಉಳಿದದ್ದು ಇರಿಡಿಯಂ ಒಂದೇ.

ಇರಿಡಿಯಂ ಭೂಮಿಯ ಹೊರಪದರದಲ್ಲಿ ಅತಿ ವಿರಳವಾದ ಲೋಹಗಳಲ್ಲೊಂದು. ಪ್ಲಾಟಿನಂ ಗಣಿಗಾರಿಕೆಯ ಉಪಉತ್ಪನ್ನವಾಗಿ ಜಗತ್ತಿಗೆಲ್ಲ ಸೇರಿ ವರ್ಷಕ್ಕೆ ಏಳೆಂಟು ಟನ್ ಸಿಗುತ್ತದೆ, ಅದರಲ್ಲಿ ಬಹುಪಾಲು ದಕ್ಷಿಣ ಆಫ್ರಿಕಾದಿಂದ. ಬೇಡಿಕೆ ಏರಿದರೆ ಹೆಚ್ಚು ತೆಗೆಯುವಂತಿಲ್ಲ, ಪ್ಲಾಟಿನಂ ಎಷ್ಟು ಅಗೆದರೋ ಅಷ್ಟೇ. 2020ರ ಕೊನೆಗೂ 2021ರ ವಸಂತಕ್ಕೂ ನಡುವೆ ಅದರ ಬೆಲೆ ಜಿಗಿದು ಔನ್ಸಿಗೆ 6,000 ಡಾಲರ್ ದಾಟಿತು. ಒಂದು ಗಿಗಾವಾಟ್ ಸಾಮರ್ಥ್ಯದ ಪೊರೆ ಯಂತ್ರಗಳಿಗೆ ಸುಮಾರು 400 ಕಿಲೋ ಇರಿಡಿಯಂ ಬೇಕೆಂಬುದು ಪ್ರಚಲಿತ ಅಂದಾಜು. ಭಾರತದ 50 ಲಕ್ಷ ಟನ್ ಗುರಿಗೆ 60 ಗಿಗಾವಾಟ್ ಆದರೂ ಬೇಕು. ಎಲ್ಲವನ್ನೂ ಇದೇ ವಿಧಾನದಲ್ಲಿ ಮಾಡುತ್ತೇವೆಂದರೆ 24 ಟನ್ ಇರಿಡಿಯಂ, ಅಂದರೆ ಇಡೀ ಜಗತ್ತಿನ ಮೂರು ವರ್ಷದ ಉತ್ಪಾದನೆ! ಇದು ಆಗುವ ಮಾತಲ್ಲ.

ಹಾಗಾದರೆ ಗಿಡಗಳು ಹೇಗೆ ಮಾಡುತ್ತವೆ? ನಾವು ಉಸಿರಾಡುವ ಆಮ್ಲಜನಕವೆಲ್ಲ ನೀರನ್ನು ಒಡೆದೇ ಬಂದದ್ದು. ಎಲೆಯೊಳಗೆ ಆ ಕೆಲಸ ಮಾಡುವುದು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಐದು ಆಮ್ಲಜನಕದ ಒಂದು ಪುಟ್ಟ ಗುಚ್ಛ. ಜಪಾನಿನ ಜಿಯಾನ್-ರೆನ್ ಶೆನ್ ಮತ್ತು ನೊಬುವೊ ಕಾಮಿಯಾ ಅವರ ತಂಡ 2011ರಲ್ಲಿ ಆ ಗುಚ್ಛದ ಪರಮಾಣುಗಳ ಜೋಡಣೆಯನ್ನು ಸ್ಪಷ್ಟವಾಗಿ ಬಿಡಿಸಿ ತೋರಿಸಿತು. ಮ್ಯಾಂಗನೀಸ್ ದುಬಾರಿ ಲೋಹವಲ್ಲ, ಸಂಡೂರಿನ ಬೆಟ್ಟಗಳಲ್ಲಿ ಅಗೆದು ಲಾರಿಗಟ್ಟಲೆ ಸಾಗಿಸುವ ಅದಿರು. ಆದರೆ ಗಿಡದ ಗುಟ್ಟು ಲೋಹದಲ್ಲಷ್ಟೇ ಇಲ್ಲ. ಆ ಗುಚ್ಛವನ್ನು ಹಿಡಿದಿಟ್ಟಿರುವ ಡಿ-1 ಎಂಬ ಪ್ರೋಟೀನು ಪ್ರಖರ ಬಿಸಿಲಿನಲ್ಲಿ ಅರ್ಧ ಗಂಟೆಗೊಮ್ಮೆ ಹಾಳಾಗುತ್ತದೆ. ಗಿಡ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುತ್ತಲೇ ಇರುತ್ತದೆ. ಹಾಳಾಗದ ವಸ್ತುವನ್ನು ಹುಡುಕುವ ಬದಲು ಹಾಳಾದದ್ದನ್ನು ರಿಪೇರಿ ಮಾಡುವ ದಾರಿಯನ್ನು ನಿಸರ್ಗ ಹಿಡಿದಿದೆ. ರಸಾಯನ ವಿಜ್ಞಾನಿಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲು ಬಹಳ ಕಾಲ ಹಿಡಿಯಿತು.

2008ರಲ್ಲಿ ಅಮೆರಿಕದ ಎಂಐಟಿಯ ಡೇನಿಯಲ್ ನೊಸೆರಾ ಮತ್ತು ಮ್ಯಾಥ್ಯೂ ಕೆನನ್ ಪ್ರಕಟಿಸಿದ ಪುಟ್ಟ ಪ್ರಬಂಧ ಈ ದಾರಿಯ ಮೊದಲ ದೊಡ್ಡ ಹೆಜ್ಜೆ. ಫಾಸ್ಫೇಟ್ ಇರುವ ತಟಸ್ಥ ನೀರಿನಲ್ಲಿ ಒಂದಿಷ್ಟು ಕೋಬಾಲ್ಟ್ ಲವಣ ಹಾಕಿ ವಿದ್ಯುತ್ ಹಾಯಿಸಿದಾಗ ಆನೋಡಿನ ಮೇಲೆ ಕಪ್ಪು ಪೊರೆ ತಾನೇ ಕಟ್ಟಿಕೊಂಡಿತು, ಆಮ್ಲಜನಕ ಬಿಡತೊಡಗಿತು. ಪೊರೆಯಿಂದ ಕರಗಿಹೋದ ಕೋಬಾಲ್ಟ್ ಮತ್ತೆ ಬಂದು ಅದೇ ಪೊರೆಗೆ ಸೇರುತ್ತಿತ್ತು. ಪತ್ರಿಕೆಗಳು ಇದನ್ನು ಕೃತಕ ಎಲೆ ಎಂದು ಕೊಂಡಾಡಿದವು, ಕಂಪನಿಯೂ ಹುಟ್ಟಿತು. ಮಾರುಕಟ್ಟೆಯಲ್ಲಿ ಅದು ಗೆಲ್ಲಲಿಲ್ಲ. ಆ ಕಂಪನಿ ಬ್ಯಾಟರಿಯ ಕಡೆ ಹೊರಳಿ 2014ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಪಾಲಾಯಿತು. ಆದರೂ ಅಗ್ಗದ ಲೋಹಗಳತ್ತ ಒಂದು ಇಡೀ ತಲೆಮಾರಿನ ಸಂಶೋಧಕರನ್ನು ತಿರುಗಿಸಿದ ಶ್ರೇಯಸ್ಸು ಆ ಪ್ರಬಂಧಕ್ಕೇ ಸಲ್ಲಬೇಕು.

ಅದರ ಬೆನ್ನಿಗೇ ಸಿದ್ಧಾಂತಗಳ ಸುಗ್ಗಿ. ಡೆನ್ಮಾರ್ಕಿನ ಯಾನ್ ರೋಸ್‌ಮೈಸಲ್ ಮತ್ತು ಯೆನ್ಸ್ ನೋರ್ಸ್‌ಕೊವ್ ತಂಡ ಕಂಪ್ಯೂಟರ್ ಲೆಕ್ಕದಿಂದ ಒಂದು ಕಟ್ಟುಪಾಡನ್ನು ಹೊರಗೆಳೆಯಿತು. ಆಮ್ಲಜನಕ ಹುಟ್ಟುವಾಗ ಲೋಹದ ಮೇಲೆ ಕೂರುವ ಮಧ್ಯಂತರ ರೂಪಗಳಲ್ಲಿ ಹೈಡ್ರಾಕ್ಸೈಡ್ ಒಂದು, ಪೆರಾಕ್ಸೈಡ್ ಇನ್ನೊಂದು. ಇವೆರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಒಂದರ ಹಿಡಿತ ಬಿಗಿಯಾದರೆ ಇನ್ನೊಂದರದ್ದೂ ಅಷ್ಟೇ ಬಿಗಿಯಾಗುತ್ತದೆ. ಎರಡರ ನಡುವೆ ಇರಬೇಕಾದ ಶಕ್ತಿಯ ಅಂತರ 2.46 ಇಲೆಕ್ಟ್ರಾನ್ ವೋಲ್ಟ್. ಯಾವ ಆಕ್ಸೈಡ್ ತೆಗೆದುಕೊಂಡರೂ ಸಿಗುವುದು 3.2ರ ಆಸುಪಾಸು. ಈ ವ್ಯತ್ಯಾಸದಿಂದಾಗಿ ಅತ್ಯುತ್ತಮ ಆಕ್ಸೈಡ್ ಕೂಡ 0.37 ವೋಲ್ಟಿನಷ್ಟು ದಂಡ ತೆರಲೇಬೇಕೆಂದು ಲೆಕ್ಕ ಹೇಳಿತು. ಈ ನೊಗವನ್ನು ಮುರಿಯುವುದು ಹೇಗೆಂಬುದು ಇಂದಿಗೂ ಸಿದ್ಧಾಂತಿಗಳ ದೊಡ್ಡ ಪ್ರಶ್ನೆ.

2011ರಲ್ಲಿ ಎಂಐಟಿಯ ಯಾಂಗ್ ಶಾವೊ-ಹಾರ್ನ್ ತಂಡ ಇನ್ನೊಂದು ಸೂತ್ರ ಮುಂದಿಟ್ಟಿತು. ಲಿಥಿಯಂ ಬ್ಯಾಟರಿಯ ಜಾನ್ ಗುಡ್ಇನಫ್ ಕೂಡ ಆ ಪ್ರಬಂಧದ ಸಹಲೇಖಕ. ಪೆರೋವ್‌ಸ್ಕೈಟ್ ಎಂಬ ಆಕ್ಸೈಡುಗಳಲ್ಲಿ ಲೋಹದ ನಿರ್ದಿಷ್ಟ ಕಕ್ಷಕದಲ್ಲಿ ಇಲೆಕ್ಟ್ರಾನ್‌ಗಳ ಸಂಖ್ಯೆ ಒಂದರ ಹತ್ತಿರವಿದ್ದರೆ ಆಮ್ಲಜನಕ ಬಲುಬೇಗ ಹೊರಡುತ್ತದೆ ಎಂಬುದು ಆ ಸೂತ್ರ. ಅದಕ್ಕೆ ಹೊಂದುವ ಬೇರಿಯಂ, ಸ್ಟ್ರಾನ್ಷಿಯಂ, ಕೋಬಾಲ್ಟ್, ಕಬ್ಬಿಣದ ಆಕ್ಸೈಡ್ ಒಂದು ಕ್ಷಾರದಲ್ಲಿ ಇರಿಡಿಯಂ ಆಕ್ಸೈಡನ್ನು ಹಿಂದಿಕ್ಕಿತು. 2013ರಲ್ಲಿ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಮ್ಯಾಂಗನೀಸ್, ಕೋಬಾಲ್ಟ್ ಆಕ್ಸೈಡುಗಳಲ್ಲಿ ಬೆಳಕಿನ ನೆರವಿನಿಂದ ಆಮ್ಲಜನಕ ಬಿಡಿಸುವಾಗಲೂ ಇದೇ ಸೂತ್ರ ಕೆಲಸ ಮಾಡುತ್ತದೆಂದು ತೋರಿಸಿದರು. ತ್ರಿವೇಲೆನ್ಸಿಯ ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಇರುವ ಆಕ್ಸೈಡುಗಳೇ ಚುರುಕು ಎಂಬುದು ಅವರ ತೀರ್ಮಾನ.

ಸೂತ್ರ ಸುಂದರವಾಗಿತ್ತು, ಆದರೆ ವಸ್ತು ನಿಲ್ಲಲಿಲ್ಲ. ಸೂತ್ರ ಪ್ರಕಟವಾದ ಮರುವರ್ಷವೇ ಅದೇ ಎಂಐಟಿ ತಂಡ ಆ ಪೆರೋವ್‌ಸ್ಕೈಟಿನ ಹರಳು ಮೇಲ್ಮೈಯಲ್ಲಿ ಕುಸಿದು ಆಕಾರಗೆಡುವುದನ್ನೂ ಬೇರಿಯಂ, ಸ್ಟ್ರಾನ್ಷಿಯಂ ಸೋರಿಹೋಗುವುದನ್ನೂ ಪ್ರಕಟಿಸಿತು. ಅಂದರೆ ಆಮ್ಲಜನಕ ಬಿಡಿಸುತ್ತಿದ್ದದ್ದು ತಯಾರಿಸಿಟ್ಟ ಹರಳಲ್ಲ, ಕೆಲಸಕ್ಕಿಳಿದ ಮೇಲೆ ಅದರಿಂದ ಹುಟ್ಟಿದ ಬೇರೆಯದೇ ವಸ್ತು. ಸಲ್ಫೈಡ್, ಫಾಸ್ಫೈಡ್, ಸೆಲೆನೈಡ್ ಎಂದು ದಿನಕ್ಕೊಂದು ಹೆಸರಿನ ಆನೋಡುಗಳು ಪ್ರಕಟವಾಗುತ್ತಿದ್ದ ಕಾಲ ಅದು. 2017ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಾಂಗ್ ಜಿನ್ ನೇರವಾಗಿ ಕೇಳಿದರು: ಇವು ನಿಜಕ್ಕೂ ಫಾಸ್ಫೈಡ್, ಸಲ್ಫೈಡುಗಳಾಗಿಯೇ ಆಮ್ಲಜನಕ ಬಿಡಿಸುತ್ತವೆಯೇ? ಆ ವೋಲ್ಟೇಜಿನಲ್ಲಿ ಇವುಗಳ ಮೇಲ್ಮೈ ಆಕ್ಸಿಹೈಡ್ರಾಕ್ಸೈಡ್ ಆಗಿ ಮಾರ್ಪಡುತ್ತದೆ, ಕೆಲಸ ಮಾಡುವುದು ಅದೇ. ಈ ಒಂದು ಪ್ರಶ್ನೆ ನೂರಾರು ಪ್ರಬಂಧಗಳನ್ನು ಮರಳಿ ಓದುವಂತೆ ಮಾಡಿತು, ಮಾಡಬೇಕಿತ್ತು ಕೂಡ.

ಇಷ್ಟಾದರೂ ಅತ್ಯಂತ ದೊಡ್ಡ ಪಾಠ ಬಂದದ್ದು ಕಲ್ಮಶದಿಂದ. ನಿಕಲ್ ಹೈಡ್ರಾಕ್ಸೈಡ್ ಪೊರೆ ಕ್ಷಾರದಲ್ಲಿ ನೆನೆದಷ್ಟೂ ಆಮ್ಲಜನಕ ಬಿಡಿಸುವುದರಲ್ಲಿ ಚುರುಕಾಗುತ್ತದೆಂಬುದು ಬಹುಕಾಲದ ಅನುಭವ. ಕಾಲ ಕಳೆದಂತೆ ಅದರ ಹರಳಿನ ರಚನೆ ಸುಧಾರಿಸುತ್ತದೆ, ಅದಕ್ಕೇ ಹೀಗೆ ಎಂದು ಪಠ್ಯಗಳು ವಿವರಿಸುತ್ತಿದ್ದವು. 2014ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಲೀನಾ ಟ್ರೋಟೊಚಾಡ್ ಮತ್ತು ಶಾನನ್ ಬೋಚರ್ ಒಂದು ಸರಳ ಕೆಲಸ ಮಾಡಿದರು. ಅಂಗಡಿಯಿಂದ ತಂದ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಸಹಜವಾಗಿಯೇ ಇರುವ ಅತ್ಯಲ್ಪ ಕಬ್ಬಿಣವನ್ನೂ ತೆಗೆದುಹಾಕಲು, ಶುದ್ಧ ನಿಕಲ್ ಹೈಡ್ರಾಕ್ಸೈಡ್ ಪುಡಿಯನ್ನು ಆ ದ್ರಾವಣದಲ್ಲಿ ಕಲಕಿದರು. ಪುಡಿ ಕಬ್ಬಿಣವನ್ನೆಲ್ಲ ಹೀರಿಕೊಂಡಿತು. ಹೀಗೆ ಶುದ್ಧವಾದ ದ್ರಾವಣದಲ್ಲಿ ನಿಕಲ್ ಎಷ್ಟು ನೆನೆದರೂ ಚುರುಕಾಗಲಿಲ್ಲ, ಅದು ತೀರಾ ಸಾಧಾರಣ ವೇಗವರ್ಧಕವಾಗಿ ಉಳಿಯಿತು. ಇಷ್ಟು ದಿನ ಎಲ್ಲರೂ ನಿಕಲ್ಲಿನ ಗುಣವೆಂದು ಅಳೆಯುತ್ತಿದ್ದದ್ದು ದ್ರಾವಣದಿಂದ ಸದ್ದಿಲ್ಲದೆ ಸೇರಿಕೊಂಡ ಕಬ್ಬಿಣದ ಗುಣವನ್ನು. ಕಾರಿಗನ್ 1987ರಲ್ಲಿ ಹೇಳಿದ್ದು ಇದನ್ನೇ.

ಕಬ್ಬಿಣ ಒಂಟಿಯಾಗಿ ಬಂದರೆ ಪ್ರಯೋಜನವಿಲ್ಲ. ಅದರ ಆಕ್ಸೈಡ್ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ನಿಕಲ್ ಹೈಡ್ರಾಕ್ಸೈಡಿನ ಪದರಗಳೊಳಗೆ ನಿಕಲ್ಲಿನ ಜಾಗದಲ್ಲಿ ಕಬ್ಬಿಣದ ಪರಮಾಣು ಕೂತಾಗಲೇ ಈ ಜೋಡಿ ಬಲ ಪಡೆಯುವುದು. ಆ ಜಾಗದಲ್ಲಿ ಕಬ್ಬಿಣ-ಆಮ್ಲಜನಕದ ಬಂಧ ಅಸಹಜವಾಗಿ ಕುಗ್ಗಿರುತ್ತದೆ ಎಂಬುದನ್ನು 2015ರಲ್ಲಿ ಎಕ್ಸ್-ಕಿರಣಗಳ ಮೂಲಕ ಡೇನಿಯಲ್ ಫ್ರೀಬೆಲ್ ಮತ್ತು ಸಂಗಡಿಗರು ತೋರಿಸಿದರು. ಕ್ರಿಯೆ ನಡೆಯುವ ತಾಣ ಕಬ್ಬಿಣವೇ, ನಿಕಲ್ ಬರೀ ಆಸರೆಯೇ ಎಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ. ಟೊರೊಂಟೊದ ಎಡ್ವರ್ಡ್ ಸಾರ್ಜೆಂಟ್ ತಂಡ 2016ರಲ್ಲಿ ಕಬ್ಬಿಣ, ಕೋಬಾಲ್ಟ್, ಟಂಗ್‌ಸ್ಟನ್ ಮೂರನ್ನೂ ಜೆಲ್ ರೂಪದಲ್ಲಿ ಬೆರೆಸಿ ಕೇವಲ 0.191 ವೋಲ್ಟಿನ ಹೆಚ್ಚುವರಿಯಲ್ಲಿ ಆಮ್ಲಜನಕ ತೆಗೆಯಿತು. ರಂಧ್ರಮಯ ಫೋಮಿನ ಮೇಲೆ ಲೇಪಿಸಿದ್ದರಿಂದ ಒಳಗಿನ ವಿಸ್ತೀರ್ಣದ ಕೊಡುಗೆಯೂ ಅದರಲ್ಲಿ ಸೇರಿತ್ತು. ಮೂರು ಲೋಹಗಳ ಈ ಹದ ಮೆಚ್ಚುವಂಥದ್ದೇ.

ಇಂಥ ದಾಖಲೆಗಳನ್ನು ಹೋಲಿಸುವ ಅಳತೆಗೋಲು ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್. ಸೂರ್ಯನ ಬೆಳಕಿನ ಸುಮಾರು ಶೇ 10ನ್ನು ಇಂಧನವಾಗಿಸುವ ಸಾಧನದಲ್ಲಿ ಹರಿಯುವ ವಿದ್ಯುತ್ ಅಷ್ಟು ಎಂಬ ಲೆಕ್ಕದಿಂದ ಬಂದ ಸಂಖ್ಯೆ ಅದು. ಕ್ಯಾಲಿಫೋರ್ನಿಯಾದ ಮೆಕ್ರೋರಿ, ಪೀಟರ್ಸ್, ಹರಾಮಿಯೊ ತಂಡ 2013ರಲ್ಲಿ ಬೇರೆಬೇರೆ ವೇಗವರ್ಧಕಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿತು. ಕ್ಷಾರದಲ್ಲಿ ಅಗ್ಗದ ಲೋಹಗಳೆಲ್ಲ 0.35ರಿಂದ 0.43 ವೋಲ್ಟಿನ ಹೆಚ್ಚುವರಿಯೊಳಗೆ ಗುಂಪುಗೂಡಿದವು. ಆಮ್ಲದಲ್ಲಿ ಇರಿಡಿಯಂ ಹೊರತು ಯಾವುದೂ ನಿಲ್ಲಲಿಲ್ಲ. ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆಯ ಅನಂತರಾಜ್, ಕುಂಡು ಮತ್ತಿತರರು 2018ರಲ್ಲಿ ಅಳತೆಗಳಲ್ಲಿ ನುಸುಳುವ ತಪ್ಪುಗಳನ್ನು ಪಟ್ಟಿ ಮಾಡಿ ಬರೆದ ಲೇಖನವೂ ಈ ಶಿಸ್ತಿನ ಹಾದಿಯದ್ದೇ. ಆದರೆ ಕಾರ್ಖಾನೆಯ ಯಂತ್ರದಲ್ಲಿ ಹರಿಯುವುದು ಚದರ ಸೆಂಟಿಮೀಟರಿಗೆ ಅರ್ಧ ಆಂಪಿಯರಿನಿಂದ ಎರಡು ಆಂಪಿಯರ್ ತನಕ, ಅಂದರೆ 50ರಿಂದ 200 ಪಟ್ಟು. ಅಷ್ಟು ಹರಿವಿನಲ್ಲಿ ಗುಳ್ಳೆಗಳೇ ಮೇಲ್ಮೈಯನ್ನು ಮುಚ್ಚುತ್ತವೆ, ಲೇಪನವನ್ನು ಕಿತ್ತು ಎಬ್ಬಿಸುತ್ತವೆ. ಬಿಸಿಲು ಇಳಿದು ಯಂತ್ರ ನಿಂತಾಗ ಹಿಮ್ಮುಖ ವಿದ್ಯುತ್ ಹರಿದು ನಿಕಲ್ ಆನೋಡು ಇನ್ನಷ್ಟು ಕೆಡುತ್ತದೆ. 10 ಮಿಲಿಆಂಪಿಯರಿನಲ್ಲಿ ಒಂದು ದಿನ ನಡೆದ ಪರೀಕ್ಷೆ ಇದಾವುದನ್ನೂ ಹೇಳುವುದಿಲ್ಲ.

ಚುರುಕುತನಕ್ಕೂ ಬಾಳಿಕೆಗೂ ಇರುವ ವೈರವನ್ನು ಅಂಕಿಗಳಲ್ಲಿ ಹಿಡಿದದ್ದು ಕಳೆದ ದಶಕದ ದೊಡ್ಡ ಸಾಧನೆ. 2014ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ನೆನಾದ್ ಮಾರ್ಕೊವಿಚ್ ತಂಡ ಆಮ್ಲದಲ್ಲಿ ಐದು ಲೋಹಗಳನ್ನು ಪರೀಕ್ಷಿಸಿತು. ಚುರುಕಿನಲ್ಲಿ ಆಸ್ಮಿಯಂ ಮೊದಲು, ಆಮೇಲೆ ರುಥೇನಿಯಂ, ಇರಿಡಿಯಂ, ಪ್ಲಾಟಿನಂ, ಕೊನೆಗೆ ಚಿನ್ನ. ಬಾಳಿಕೆಯ ಪಟ್ಟಿ ಇದಕ್ಕೆ ಸರಿಯಾಗಿ ತಿರುಗುಮುರುಗು. ಜರ್ಮನಿಯಲ್ಲಿ ಸೆರ್ಹಿ ಚೆರೆವ್ಕೊ ಮತ್ತು ಸಂಗಡಿಗರು 2018ರಲ್ಲಿ ಇನ್ನೂ ನೇರವಾದ ಅಳತೆ ತಂದರು: ಒಂದು ಇರಿಡಿಯಂ ಪರಮಾಣು ಕರಗಿಹೋಗುವಷ್ಟರಲ್ಲಿ ಎಷ್ಟು ಆಮ್ಲಜನಕದ ಅಣು ಹೊರಬಂದವು? ಈ ಸಂಖ್ಯೆ ದೊಡ್ಡದಾದಷ್ಟೂ ಆನೋಡು ಗಟ್ಟಿ. ವೋಲ್ಟೇಜಿನ ದಾಖಲೆಗಳಿಗಿಂತ ಈ ಒಂದು ಸಂಖ್ಯೆ ಉದ್ಯಮಿಗೆ ಹೆಚ್ಚು ಉಪಯೋಗಿ.

2020ರಲ್ಲಿ ಮಾರ್ಕೊವಿಚ್ ತಂಡವೇ ಕ್ಷಾರದಲ್ಲಿ ಕಬ್ಬಿಣದ ನಡತೆಯನ್ನು ಹಿಂಬಾಲಿಸಿತು. ಮೇಲ್ಮೈಯಲ್ಲಿರುವ ಕಬ್ಬಿಣ ಒಂದೇ ಸಮನೆ ಕರಗುತ್ತದೆ, ದ್ರಾವಣದಲ್ಲಿ ಕಬ್ಬಿಣ ಇದ್ದರೆ ಅಷ್ಟೇ ವೇಗದಲ್ಲಿ ಮರಳಿ ಬಂದು ಕೂರುತ್ತದೆ. ದ್ರಾವಣವನ್ನು ಪೂರ್ತಿ ಶುದ್ಧ ಮಾಡಿದರೆ ಆನೋಡು ಕೆಲಸ ಮಾಡುತ್ತ ಮಾಡುತ್ತ ಸೊರಗುತ್ತದೆ. ಹಳೆಯ ಕಾರ್ಖಾನೆಗಳ ನಿಕಲ್ ಆನೋಡುಗಳು ಅಷ್ಟು ಕಾಲ ದುಡಿದದ್ದರ ಗುಟ್ಟೂ ಇಲ್ಲೇ ಇರಬೇಕು: ಉಕ್ಕಿನ ಪೈಪು, ತೊಟ್ಟಿಗಳಿಂದ ಅವಕ್ಕೆ ಕಬ್ಬಿಣ ಪುಕ್ಕಟೆಯಾಗಿ ಸಿಗುತ್ತಲೇ ಇತ್ತು.

ಆಮ್ಲದ ಕಡೆಯೂ ಗೋಡೆ ಸ್ವಲ್ಪ ಬಿರುಕು ಬಿಟ್ಟಿದೆ. 2023ರಲ್ಲಿ ಆರ್ಗಾನ್‌ನ ಡಿ-ಜಿಯಾ ಲಿಯು ತಂಡ ಲ್ಯಾಂಥನಂ, ಮ್ಯಾಂಗನೀಸ್ ಬೆರೆಸಿದ ಕೋಬಾಲ್ಟ್ ಆಕ್ಸೈಡನ್ನು ಪೊರೆ ಯಂತ್ರದೊಳಗೇ ನಡೆಸಿ ತೋರಿಸಿತು. 2024ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯ ರ್ಯುಹೆ ನಕಮುರಾ ತಂಡ ಮ್ಯಾಂಗನೀಸ್ ಆಕ್ಸೈಡಿನ ಹರಳಿನಲ್ಲಿ ಆಮ್ಲಜನಕದ ಜೋಡಣೆಯನ್ನು ಮಾರ್ಪಡಿಸಿ, 200 ಮಿಲಿಆಂಪಿಯರಿನಲ್ಲಿ 1,000 ಗಂಟೆ ಓಡಿಸಿತು. ಇರಿಡಿಯಂ ಆನೋಡುಗಳು ಹತ್ತಾರು ಸಾವಿರ ಗಂಟೆ ಓಡುತ್ತವೆ. ದೂರ ಇನ್ನೂ ಬಹಳ ಇದೆ, ದಾರಿ ಮಾತ್ರ ತೆರೆದಿದೆ.

ಭಾರತದ ಮಟ್ಟಿಗೆ ಈ ಪ್ರಶ್ನೆ ದೂರದ್ದಲ್ಲ. ಪೊರೆ ವಿಧಾನದ ಯಂತ್ರಗಳನ್ನು ತಯಾರಿಸುವ ಓಮಿಯಂ ಕಂಪನಿ 2021ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಿತು. 2022ರ ಏಪ್ರಿಲಿನಲ್ಲಿ ಆಯಿಲ್ ಇಂಡಿಯಾ ಅಸ್ಸಾಮಿನ ಜೋರ್ಹಾಟ್‌ನಲ್ಲಿ ದಿನಕ್ಕೆ 10 ಕಿಲೋ ಜಲಜನಕ ಕೊಡುವ ಪುಟ್ಟ ಘಟಕ ಶುರುಮಾಡಿತು. ಅದರಲ್ಲಿರುವುದು ಕ್ಷಾರಕ್ಕೆ ಹೊಂದುವ ಪೊರೆ. ನಿಕಲ್, ಕಬ್ಬಿಣದಂಥ ಲೋಹಗಳು ಬಾಳಬಲ್ಲ ವಾತಾವರಣ ಅದು. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ₹19,744 ಕೋಟಿಯ ರಾಷ್ಟ್ರೀಯ ಗ್ರೀನ್ ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು.

ಇರಿಡಿಯಂ ಆಮದು ಮಾಡಿಕೊಂಡು 60 ಗಿಗಾವಾಟ್ ಕಟ್ಟುವುದು ಅಸಾಧ್ಯ. ದೇಶದ ಬಹುಪಾಲು ಜಲಜನಕ ನಿಕಲ್-ಕಬ್ಬಿಣದ ಆನೋಡಿನಿಂದಲೇ ಬರಬೇಕು. ಅದಕ್ಕೆ ಬೇಕಾದ ರಸಾಯನ ವಿಜ್ಞಾನ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದೆ. ಇಲ್ಲದಿರುವುದು ಹೊಸ ಆನೋಡೊಂದನ್ನು ಕಾರ್ಖಾನೆಯ ಹರಿವಿನಲ್ಲಿ, ಕಾರ್ಖಾನೆಯ ಬಿಸಿಯಲ್ಲಿ, ದಿನಾ ಸಂಜೆ ನಿಲ್ಲಿಸಿ ಬೆಳಿಗ್ಗೆ ಚಾಲೂ ಮಾಡುತ್ತ 10,000 ಗಂಟೆ ಓಡಿಸಿ ನೋಡುವ ಸೌಲಭ್ಯ. ಯಾವ ಸಂಶೋಧನಾ ವಿದ್ಯಾರ್ಥಿಯೂ ತನ್ನ ಪಿಎಚ್.ಡಿ. ಅವಧಿಯಲ್ಲಿ ಒಬ್ಬನೇ ಇದನ್ನು ಮಾಡಲಾರ. ಮಿಷನ್ನಿನ ಹಣದಲ್ಲಿ ₹400 ಕೋಟಿ ಸಂಶೋಧನೆಗೆಂದೇ ಮೀಸಲಾಗಿದೆ. ಅದರ ಒಂದು ಪಾಲಿನಿಂದ ಕರ್ನಾಟಕವೂ ಸೇರಿದಂತೆ ನಾಲ್ಕಾರು ರಾಜ್ಯಗಳಲ್ಲಿ, ಯಾವ ಕಾಲೇಜಿನ ಪ್ರಯೋಗಾಲಯ ಬೇಕಾದರೂ ತನ್ನ ಆನೋಡನ್ನು ಕಳಿಸಬಹುದಾದ ಇಂಥ ಪರೀಕ್ಷಾ ಕೇಂದ್ರಗಳನ್ನು ತೆರೆಯಬೇಕು, ಅಲ್ಲಿ ಕರಗಿದ ಲೋಹದ ಅಂಕಿಯನ್ನೂ ವೋಲ್ಟೇಜಿನ ಜೊತೆಗೇ ಪ್ರಕಟಿಸಬೇಕು.